ಸೆಡಾನ್ ತಗೊಳ್ಳೋದಾದರೆ ಯಾವುದು: ಹೊಸದೋ, ಐದಾರು ವರ್ಷದ್ದೋ, ಹಳೇ ಕನಸಿನ ಕಾರೋ?

"ನನಗೆ ಸೆಡಾನ್ ಇಷ್ಟ, ಮನೆಯವರೆಲ್ಲ ಎಸ್‌ಯುವಿ ಅಂತಿದ್ದಾರೆ, ಏನು ಮಾಡಲಿ?" ಹೀಗೆ ಕೇಳುವವರು ಈಗ ಜಾಸ್ತಿ. ಸೆಡಾನ್ ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರುವ ತಗ್ಗಿನ ಕಾರು, ಎಸ್‌ಯುವಿ ಅಂದರೆ ಎತ್ತರದ ಗಾಡಿ. ಇನ್ನು ಕೆಲವರದ್ದು ಬೇರೆ ರಾಗ. ಹೊಸ ಕಾರು ಯಾವುದೂ ಮನಸ್ಸಿಗೆ ಹಿಡಿಸುತ್ತಿಲ್ಲ, ಕಾಲೇಜಿಗೆ ಹೋಗುವಾಗ ತಿರುಗಿ ತಿರುಗಿ ನೋಡುತ್ತಿದ್ದ ಹೋಂಡಾ ಸಿವಿಕ್ಕೋ ಸ್ಕೋಡಾ ಆಕ್ಟೇವಿಯಾನೋ ಒಂದು ಒಳ್ಳೇ ಸ್ಥಿತಿಯಲ್ಲಿ ಸಿಕ್ಕಿದೆ, ತಗೊಳ್ಳಲಾ ಅಂತ.

ಎರಡೂ ಒಂದೇ ಪ್ರಶ್ನೆಯ ಥರ ಕೇಳಿಸುತ್ತವೆ. ಆದರೆ ಮೊದಲನೆಯದು ದಿನಾ ಓಡಿಸುವ ಗಾಡಿಯ ಪ್ರಶ್ನೆ, ಎರಡನೆಯದು ಆಸೆಯ ಪ್ರಶ್ನೆ. ಎರಡನ್ನೂ ಒಂದೇ ಕಾರಿನಲ್ಲಿ, ಒಂದೇ ದುಡ್ಡಿನಲ್ಲಿ ತೀರಿಸಿಕೊಳ್ಳೋಣ ಅಂತ ಹೊರಟವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು.

ಮೊದಲು ಮಾರುಕಟ್ಟೆ ಎಲ್ಲಿದೆ ನೋಡಿಬಿಡೋಣ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಸುಮಾರು ಶೇ. 65 ಯುಟಿಲಿಟಿ ವಾಹನಗಳು, ಅಂದರೆ ಎಸ್‌ಯುವಿ ಮತ್ತು ಅಂಥ ಗಾಡಿಗಳು. ಇನ್ನೋವಾ, ಎರ್ಟಿಗಾದಂಥವೂ ಆ ಲೆಕ್ಕದಲ್ಲಿವೆ, ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಮಧ್ಯಮ ಗಾತ್ರದ ಸೆಡಾನ್ ಅಂದರೆ ಈಗ ನಾಲ್ಕೇ ಹೆಸರು: ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್. ಮಾರುತಿ ಸಿಯಾಜ್ 2025ರ ಏಪ್ರಿಲ್‌ನಲ್ಲಿ ನಿಂತಿತು. ಟೊಯೋಟಾ ಕೊರೊಲ್ಲಾ ಮತ್ತು ಹೋಂಡಾ ಸಿವಿಕ್ 2020ರಲ್ಲೇ ಹೋದವು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನೇ ಬಿಟ್ಟಿತು, ಶೆವರ್ಲೆ ಮತ್ತು ಫಿಯಟ್ ಅದಕ್ಕೂ ಮೊದಲೇ ಗಂಟುಮೂಟೆ ಕಟ್ಟಿದ್ದವು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಇನ್ನು ಸೆಡಾನ್ ಮಾಡುವುದಿಲ್ಲ ಅಂತ ಫೋರ್ಡ್ 2018ರಲ್ಲೇ ಹೇಳಿಬಿಟ್ಟಿತ್ತು.

ಜನ ಯಾಕೆ ದೂರ ಹೋದರು ಅನ್ನುವುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಊರಿಗೊಂದು ಅಳತೆಯ ಹಂಪು. ಮಳೆ ಬಂದರೆ ಮೊಣಕಾಲುದ್ದ ನೀರು. ಎತ್ತರದ ಸೀಟಿನಲ್ಲಿ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತದೆ, ಹತ್ತಿ ಇಳಿಯುವುದೂ ಸುಲಭ. ಜೊತೆಗೆ ತೆರಿಗೆ. 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ರಿಯಾಯಿತಿ ಅಂತ 2006ರಲ್ಲಿ ಸರ್ಕಾರ ಗೆರೆ ಎಳೆದ ಮೇಲೆ, ಕಂಪನಿಗಳ ತಲೆಯೆಲ್ಲ ಆ ಗೆರೆಯ ಒಳಗೆ ಏನು ತುರುಕಬಹುದು ಅನ್ನುವುದರಲ್ಲೇ ಓಡಿತು. ಉದ್ದವೇ ಜೀವಾಳವಾಗಿರುವ ಸೆಡಾನ್‌ಗೆ ಇದರಿಂದ ಏಟು ಬೀಳದೇ ಇರುತ್ತದಾ?

ಇನ್ನು ಆಯ್ಕೆಯ ವಿಷಯ. ಹೆಸರುಗಳಿಗೆ ಹೋಗುವ ಮುಂಚೆ ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದು ತೀರ್ಮಾನವಾಗಲಿ.

ಮೊದಲು ಕೇಳಿಕೊಳ್ಳಬೇಕಾದ್ದು

ಈ ಕಾರು ಮನೆಯ ಒಂದೇ ಕಾರಾ, ಎರಡನೆಯದಾ? ನನ್ನ ಮಟ್ಟಿಗೆ ಉಳಿದ ಎಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು. ಒಂದೇ ಕಾರಾದರೆ ಅದು ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಲೇಬೇಕು. ಎರಡನೆಯದಾದರೆ ಒಂದು ವಾರ ಗ್ಯಾರೇಜಿನಲ್ಲಿ ಮಲಗಿದರೂ ಜೀವನ ನಿಲ್ಲುವುದಿಲ್ಲ.

ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಬೆಳೆದ ಮಕ್ಕಳು, ನೆಂಟರು, ಎರಡು ಗಂಟೆ ಹೆದ್ದಾರಿ ಪ್ರಯಾಣ ಅಂದರೆ ಸೆಡಾನ್‌ಗೆ ಸಮ ಯಾವುದೂ ಇಲ್ಲ. ಸೀಟು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ, ಕಾಲು ಚಾಚಬಹುದು, ಡಿಕ್ಕಿ ಬೇರೆಯೇ ಇರುವುದರಿಂದ ಹಿಂದಿನ ಚಕ್ರದ ಸದ್ದು ಒಳಗೆ ಕಡಿಮೆ. ಆದರೆ ಮಂಡಿ ನೋವಿರುವ ಹಿರಿಯರಿದ್ದರೆ ಲೆಕ್ಕ ತಲೆಕೆಳಗು. ಸೆಡಾನ್‌ನಲ್ಲಿ ಕೂರುವುದು ಅಂದರೆ ಇಳಿದು ಕೂರುವುದು, ಏಳುವುದು ಅಂದರೆ ಮೇಲಕ್ಕೆ ಎದ್ದು ಬರುವುದು.

ರಸ್ತೆ ಎಂಥದ್ದು? ಇಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ) ನಂಬರ್ ಒಂದನ್ನೇ ನೋಡಿ ಮೋಸಹೋಗಬೇಡಿ. ಮುಂದಿನ ಚಕ್ರ ಹಂಪು ದಾಟಿದ ಮೇಲೆ, ಹಿಂದಿನದು ಇನ್ನೂ ಬರುವ ಮುಂಚೆ, ಕಾರಿನ ಹೊಟ್ಟೆ ಹಂಪಿನ ಮೇಲೆ ಇರುತ್ತದೆ. ಎರಡು ಚಕ್ರಗಳ ನಡುವಿನ ದೂರ ಜಾಸ್ತಿ ಇದ್ದಷ್ಟೂ ಹೊಟ್ಟೆ ತಾಗುವ ಸಾಧ್ಯತೆ ಜಾಸ್ತಿ. ಕಂಪನಿ ಕೊಡುವ ನಂಬರ್ ಬಹುತೇಕ ಖಾಲಿ ಕಾರಿನದ್ದು. ಐದು ಜನ, ಡಿಕ್ಕಿ ತುಂಬ ಸಾಮಾನು ಅಂದಮೇಲೆ ಅದು ಇಳಿಯುತ್ತದೆ.

ಮೂರು ವರ್ಷದ ಒಟ್ಟು ಖರ್ಚು ಎಷ್ಟು? ಕಾರಿನ ಬೆಲೆ ಒಂದು ಭಾಗ ಅಷ್ಟೇ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ತೆರಿಗೆಯ ಮೇಲೆ ಸೆಸ್ ಬೇರೆ. 12 ಲಕ್ಷದ ಕಾರಿಗೆ ಬರೀ ಈ ತೆರಿಗೆಯೇ 2 ಲಕ್ಷ ದಾಟುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಸೆಕೆಂಡ್ ಹ್ಯಾಂಡ್ ಮಾತು ಬಂದಾಗ ಬೇಕಾಗುತ್ತದೆ.

ಕೊನೆಯದಾಗಿ ಬಿಡಿಭಾಗ, ಮೆಕ್ಯಾನಿಕ್ ಮತ್ತು ಸುರಕ್ಷತೆ. ಹೊಸ ಕಾರಿಗೆ ಮೊದಲೆರಡರ ಚಿಂತೆ ಇಲ್ಲ. ಹಳೆಯದಕ್ಕೆ ಮೂರೂ ಇವೆ.

ಸಣ್ಣ ಸೆಡಾನ್: ಡಿಸೈರ್, ಅಮೇಜ್ ಬಳಗ

ಸೆಡಾನ್ ಸತ್ತುಹೋಯಿತು ಅನ್ನುವವರು ಮಾರುತಿ ಡಿಸೈರ್ ಕಡೆ ನೋಡಿರುವುದಿಲ್ಲ. 2008ರಿಂದ ಮಾರಾಟವಾಗುತ್ತಿರುವ ಈ ಕಾರು ಇವತ್ತಿಗೂ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾರುಗಳ ಸಾಲಿನಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದ ಮೇಲೆ ಈ ವರ್ಗ ಇನ್ನೂ ಅಗ್ಗವಾಯಿತು. ಸುಮಾರು 6ರಿಂದ 10 ಲಕ್ಷದೊಳಗೆ ಮುಗಿಯುತ್ತದೆ.

ಡಿಸೈರ್‌ನ ಈಗಿನ ಮಾದರಿ 2024ರ ನವೆಂಬರ್‌ನಲ್ಲಿ ಬಂತು, ಗ್ಲೋಬಲ್ ಎನ್‌ಕ್ಯಾಪ್‌ನವರ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ 5 ಸ್ಟಾರ್ ಪಡೆಯಿತು. ಹಳೇ ಡಿಸೈರ್ ಬಗ್ಗೆ ಇದ್ದ ದೊಡ್ಡ ತಕರಾರು ಅಲ್ಲಿಗೆ ಹೋಯಿತು. ಎಂಜಿನ್ ಮೂರು ಸಿಲಿಂಡರಿನದು. ಮೈಲೇಜ್ ಚೆನ್ನಾಗಿದೆ, ಮಜಾ ಕಡಿಮೆ. ಹೋಂಡಾ ಅಮೇಜ್‌ನಲ್ಲಿ ನಾಲ್ಕು ಸಿಲಿಂಡರ್, ಸದ್ದು ನಯ. ಡಿಕ್ಕಿಯೂ ದೊಡ್ಡದು: ಅಮೇಜ್‌ಗೆ 416 ಲೀಟರ್, ಡಿಸೈರ್‌ಗೆ 382. ಆಟೊಮ್ಯಾಟಿಕ್ ಬೇಕು ಅಂದರೆ ನಾನು ಕಣ್ಣು ಮುಚ್ಚಿ ಅಮೇಜ್ ಅನ್ನುತ್ತೇನೆ. ಅದರ ಸಿವಿಟಿ, ಅಂದರೆ ಗೇರಿನ ಮೆಟ್ಟಿಲುಗಳೇ ಇಲ್ಲದ ಆಟೊಮ್ಯಾಟಿಕ್, ಟ್ರಾಫಿಕ್ಕಿನಲ್ಲಿ ಜಾರಿದಂತೆ ಹೋಗುತ್ತದೆ. ಡಿಸೈರ್‌ನ ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರನ್ನೇ ಯಂತ್ರ ಹಾಕುವ ವ್ಯವಸ್ಥೆ, ಗೇರ್ ಬದಲಿಸುವಾಗ ತಲೆ ಒಮ್ಮೆ ಮುಂದಕ್ಕೆ ವಾಲುತ್ತದೆ. ಸಿಎನ್‌ಜಿ ಬೇಕಾದವರು ಟಾಟಾ ಟಿಗೋರ್ ನೋಡಬಹುದು, ಅದರಲ್ಲಿ ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ತಳದಲ್ಲಿ ಇಟ್ಟಿರುವುದರಿಂದ ಸೂಟ್‌ಕೇಸಿಗೆ ಜಾಗ ಉಳಿಯುತ್ತದೆ.

ಮನೆಗೆ ಒಂದೇ ಕಾರು, ಊರೊಳಗೆ ಓಡಾಟ, ವರ್ಷಕ್ಕೆ ನಾಲ್ಕೈದು ಸಲ ದೂರ ಪ್ರಯಾಣ ಅನ್ನುವವರಿಗೆ ಇಷ್ಟು ಸಾಕು. ಸೆಡಾನ್ ಪ್ರೀತಿ ಇರುವವರಿಗೆ ಮಾತ್ರ ಇದು ತೃಪ್ತಿ ಕೊಡುವುದಿಲ್ಲ. 4 ಮೀಟರಿಗೆ ಕತ್ತರಿಸಿದ ಬೆನ್ನು ಎಷ್ಟೇ ತಿದ್ದಿದರೂ ಮೋಟಾಗಿಯೇ ಕಾಣುತ್ತದೆ.

ಹೊಸ ಮಧ್ಯಮ ಸೆಡಾನ್: ಉಳಿದ ನಾಲ್ವರು

ಈ ವರ್ಗಕ್ಕೆ ಈಗ ಜಿಎಸ್‌ಟಿ ಶೇ. 40. ಮೊದಲು ಸೆಸ್ ಸೇರಿ ಶೇ. 45 ಇತ್ತು. ದೊಡ್ಡ ಎಸ್‌ಯುವಿಗಳಿಗೆ ಶೇ. 50 ಇದ್ದದ್ದೂ 40ಕ್ಕೇ ಬಂದಿದೆ. ಅಂದರೆ ತೆರಿಗೆ ಇಳಿದ ಖುಷಿ ಒಂದು ಕಡೆ, ದೊಡ್ಡ ಎಸ್‌ಯುವಿಯ ಎದುರು ಸೆಡಾನ್‌ಗೆ ಇದ್ದ ಐದು ಅಂಶದ ಅನುಕೂಲ ಮಾಯವಾದ ಬೇಸರ ಇನ್ನೊಂದು ಕಡೆ. ಬೆಲೆ ಸುಮಾರು 10-11 ಲಕ್ಷದಿಂದ ಶುರುವಾಗಿ ಮೇಲಿನ ಮಾದರಿಗಳಿಗೆ 17-19 ಲಕ್ಷದವರೆಗೆ ಹೋಗುತ್ತದೆ.

ನಾಲ್ಕರ ಸ್ವಭಾವವೂ ಬೇರೆ ಬೇರೆ. ಸಿಟಿ ಮನೆಮಂದಿಯ ಕಾರು. 1.5 ಲೀಟರಿನ ಪೆಟ್ರೋಲ್ ಎಂಜಿನ್, 121 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿಯಷ್ಟೇ), ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಇಲ್ಲ. ಎಷ್ಟೇ ತಿರುಗಿಸಿದರೂ ನಯವಾಗಿ ತಿರುಗುವ ಎಂಜಿನ್, ಹತ್ತು ವರ್ಷ ಇಟ್ಟುಕೊಂಡರೂ ತಲೆನೋವು ಕಡಿಮೆ. ಹಿಂದಿನ ಸೀಟು ಈ ನಾಲ್ಕರಲ್ಲಿ ನನಗೆ ಅತಿ ಹಿತ. ಕೊರತೆ ಅಂದರೆ 165 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಜನ ತುಂಬಿದಾಗ ಹಂಪು ನೋಡಿಕೊಂಡು ಹೋಗಬೇಕು. ಇದರ ಹೈಬ್ರಿಡ್ ಮಾದರಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವುದು, ಊರೊಳಗಿನ ಟ್ರಾಫಿಕ್ಕಿನಲ್ಲೇ ಒಳ್ಳೇ ಮೈಲೇಜ್ ಕೊಡುತ್ತದೆ, ಅದು ಹೈಬ್ರಿಡ್‌ನ ಸ್ವಭಾವ. ಆದರೆ ಬ್ಯಾಟರಿ ಡಿಕ್ಕಿಯ ದೊಡ್ಡ ತುಂಡನ್ನೇ ನುಂಗಿದೆ. ನಾಲ್ಕು ಜನರ ಲಗೇಜ್ ಹಾಕುವವರು ಒಮ್ಮೆ ಡಿಕ್ಕಿ ತೆಗೆದು ನೋಡಿಯೇ ಮುಂದಿನ ಮಾತಾಡಿ.

ವೆರ್ನಾ ಸೌಕರ್ಯಗಳ ಕಾರು. 2023ರಲ್ಲಿ ಬಂದ ಈ ಮಾದರಿಯಲ್ಲಿ ಎರಡು ಮುಖ ಇವೆ. 115 ಪಿಎಸ್‌ನ ಸಾಧಾರಣ ಪೆಟ್ರೋಲ್ ಒಂದು, 160 ಪಿಎಸ್‌ನ ಟರ್ಬೊ ಇನ್ನೊಂದು. ಟರ್ಬೊ ಒತ್ತಿದರೆ ಸೀಟಿಗೆ ಬೆನ್ನು ಅಂಟುತ್ತದೆ. 528 ಲೀಟರ್ ಡಿಕ್ಕಿ, ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್. ಸೂರು ಹಿಂದಕ್ಕೆ ಇಳಿಜಾರಾಗಿರುವುದರಿಂದ ಎತ್ತರದ ಮನುಷ್ಯ ಹಿಂದೆ ಕೂತರೆ ಕೂದಲು ಚಾವಣಿಗೆ ತಾಗುತ್ತದೆ. ಮುಂಭಾಗದ ಲೈಟಿನ ಪಟ್ಟಿ ಕೆಲವರಿಗೆ ಇಷ್ಟ, ಕೆಲವರಿಗೆ ಕಷ್ಟ. ನಾನು ಎರಡನೇ ಗುಂಪು.

ಸ್ಲಾವಿಯಾ ಮತ್ತು ವರ್ಟಸ್ ಅಣ್ಣತಮ್ಮಂದಿರು. ಒಂದೇ ತಳಹದಿ, ಅವೇ ಎಂಜಿನ್‌ಗಳು: 1.0 ಟರ್ಬೊ 115 ಪಿಎಸ್, 1.5 ಟರ್ಬೊ 150 ಪಿಎಸ್. ಎರಡಕ್ಕೂ 5 ಸ್ಟಾರ್, ಎರಡಕ್ಕೂ 521 ಲೀಟರ್ ಡಿಕ್ಕಿ. ನಮ್ಮ ರಸ್ತೆಗೆ ಮುಖ್ಯವಾದದ್ದು 179 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಸೆಡಾನ್ ಅಂದರೆ ಹೊಟ್ಟೆ ಉಜ್ಜುತ್ತದೆ ಅನ್ನುವ ಮಾತಿಗೆ ಇವು ಉತ್ತರ. ನೂರರ ವೇಗದಲ್ಲಿ ರಸ್ತೆಗೆ ಕಚ್ಚಿ ಕೂರುವ ರೀತಿ, ಶಿರಾಡಿ ಇಳಿಯುವಾಗ ತಿರುವಿನಿಂದ ತಿರುವಿಗೆ ದೇಹ ವಾಲದಂತೆ ಒಯ್ಯುವ ರೀತಿ, ಇವೆಲ್ಲ ಇದೇ ದುಡ್ಡಿನ ಯಾವ ಎಸ್‌ಯುವಿಯಲ್ಲೂ ಸಿಗುವುದಿಲ್ಲ. ಅದು ಭೌತಶಾಸ್ತ್ರ, ತೂಕ ಕೆಳಗೆ ಇದ್ದಷ್ಟೂ ಕಾರು ಕಡಿಮೆ ತೂಗಾಡುತ್ತದೆ. ಹಿಂದಿನ ಸೀಟಿನಲ್ಲಿ ಮೂರನೆಯವರಿಗೆ ಮಾತ್ರ ಇಕ್ಕಟ್ಟು, ಸರ್ವಿಸ್ ಖರ್ಚು ಹೋಂಡಾಗಿಂತ ತುಸು ಮೇಲೆ.

ಬರೀ ಊರೊಳಗೆ ಓಡಿಸುವವರು 1.5 ಟರ್ಬೊಗೆ ದುಡ್ಡು ಹಾಕುವುದು ಸುಮ್ನೆ ವೇಸ್ಟ್. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಬರುವವರಾದರೆ ಹಾಕಿದ ಪ್ರತಿ ರೂಪಾಯಿಯೂ ಗೊತ್ತಾಗುತ್ತದೆ. ಅಂದಹಾಗೆ ಈ ವರ್ಗದಲ್ಲಿ ಹೊಸ ಡೀಸೆಲ್ ಈಗ ಒಂದೂ ಇಲ್ಲ. ಸಿಟಿ, ವೆರ್ನಾ ಎರಡೂ ಡೀಸೆಲ್ ಬಿಟ್ಟಿವೆ.

ಇನ್ನೊಂದು ವಿಷಯವನ್ನು ಶೋರೂಮಿನವರು ಹೇಳುವುದಿಲ್ಲ. ಎಸ್‌ಯುವಿಗೆ ಜನ ಸಾಲುಗಟ್ಟಿ ನಿಂತಿರುತ್ತಾರೆ, ಸೆಡಾನ್ ಸ್ಟಾಕ್ ಕಾಯುತ್ತಾ ಕೂತಿರುತ್ತದೆ. ಹಾಗಾಗಿ ಚೌಕಾಶಿಗೆ ಇಲ್ಲಿ ಜಾಗ ಜಾಸ್ತಿ. ವರ್ಷದ ಕೊನೆಯಲ್ಲಿ ಹೋಗಿ ಕೇಳಿ. ಆದರೆ ಡಿಸೆಂಬರ್‌ನಲ್ಲಿ ತಗೊಂಡ ಕಾರು ಜನವರಿಗೇ "ಹೋದ ವರ್ಷದ ಮಾಡೆಲ್" ಆಗುತ್ತದೆ. ಬೇಗ ಮಾರುವ ಯೋಚನೆ ಇರುವವರಿಗೆ ಆ ರಿಯಾಯಿತಿ ನಿಜವಾದ ರಿಯಾಯಿತಿ ಅಲ್ಲ.

ನಾಲ್ಕರಿಂದ ಏಳು ವರ್ಷದ ಸೆಡಾನ್

ಯಾರಾದರೂ ನನ್ನನ್ನು ಒಂದೇ ಮಾತಲ್ಲಿ ಹೇಳು ಅಂದರೆ ನಾನು ಬೆರಳು ತೋರಿಸುವುದು ಇಲ್ಲಿಗೆ. ಸೆಡಾನ್ ಕೇಳುವವರು ಕಡಿಮೆಯಾಗಿರುವುದರ ಲಾಭ ಪೂರ್ತಿ ಸಿಗುವುದು ಸೆಕೆಂಡ್ ಹ್ಯಾಂಡ್‌ನಲ್ಲಿ. ಹೊಸ ಡಿಸೈರ್‌ನ ದುಡ್ಡಿಗೆ ಐದಾರು ವರ್ಷದ ಸಿಟಿ ಅಥವಾ ವೆರ್ನಾ ಬರುತ್ತದೆ. ಹಿಂದೆ ಹೇಳಿದ ಜೀವಿತಾವಧಿ ತೆರಿಗೆ ನೆನಪಿದೆ ಅಲ್ವಾ? ಕರ್ನಾಟಕದ್ದೇ ನೋಂದಣಿಯ ಕಾರಾದರೆ ಅದನ್ನು ಮೊದಲ ಮಾಲೀಕರು ಕಟ್ಟಿ ಆಗಿದೆ. ನಿಮಗೆ ಹೆಸರು ಬದಲಾಯಿಸುವ ಖರ್ಚು ಅಷ್ಟೇ.

ಯಾವುದನ್ನು ಹುಡುಕಬೇಕು? ಚಿಂತೆ ಬೇಡ ಅನ್ನುವವರಿಗೆ ನಾಲ್ಕನೇ ತಲೆಮಾರಿನ ಸಿಟಿ, ಅಂದರೆ 2014ರಲ್ಲಿ ಬಂದದ್ದು. ಅದರಲ್ಲಿ 2017ರ ನಂತರದ್ದು ಮೇಲು. ಹಿಂದೆ ಕೂರುವವರೇ ಮುಖ್ಯ ಅನ್ನುವವರಿಗೆ ಸಿಯಾಜ್. ಅದರಷ್ಟು ಕಾಲು ಚಾಚುವ ಜಾಗ ಆ ಬೆಲೆಗೆ ಬೇರೆಲ್ಲೂ ಇಲ್ಲ, ಮಾರುತಿ ಆದ್ದರಿಂದ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಮಾದರಿ ನಿಂತುಹೋಗಿದೆ ಅಂತ ಹೆದರುವ ಅಗತ್ಯ ಇಲ್ಲ. ಓಡಿಸುವ ಚಟ ಇರುವವರಿಗೆ ಸ್ಕೋಡಾ ರ‍್ಯಾಪಿಡ್ ಮತ್ತು ಫೋಕ್ಸ್‌ವ್ಯಾಗನ್ ವೆಂಟೊದ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಮ್ಯಾನ್ಯುಯಲ್. ಜೇಬು ಸ್ವಲ್ಪ ಗಟ್ಟಿ ಇದ್ದರೆ ಆಕ್ಟೇವಿಯಾ 1.8 ಟಿಎಸ್‌ಐ. 180 ಪಿಎಸ್, ಹಿಂದಿನ ಗಾಜು ಸಮೇತ ಮೇಲೇಳುವ ದೈತ್ಯ ಡಿಕ್ಕಿ. ಇವತ್ತಿನ ಮಧ್ಯಮ ಸೆಡಾನ್‌ಗಳಿಗಿಂತ ಒಂದು ಮೆಟ್ಟಿಲು ಮೇಲಿನ ಕಾರು. ಬೆಲೆ ಇಳಿದಿದೆ, ಸರ್ವಿಸ್ ಬಿಲ್ ಇಳಿದಿಲ್ಲ. ವರ್ಷಕ್ಕೆ ಒಂದಷ್ಟು ಎತ್ತಿಡದೆ ಅದರ ಹತ್ತಿರ ಹೋಗಬೇಡಿ.

ಡೀಸೆಲ್ ಬೇಕೇ ಬೇಕು, ತಿಂಗಳಿಗೆ ಎರಡು ಸಾವಿರ ಕಿ.ಮೀ. ಮೇಲೆ ಓಡುತ್ತದೆ ಅನ್ನುವವರಿಗೂ ದಾರಿ ಇದೊಂದೇ. 2020ರ ಏಪ್ರಿಲ್ ಮುಂಚಿನ, ಹಳೇ ಹೊಗೆ ನಿಯಮದ ಬಿಎಸ್4 ಡೀಸೆಲ್‌ಗಳ ರಿಪೇರಿ ಸರಳ. ಅದರ ನಂತರದ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಬರೀ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವವರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಆಟೊಮ್ಯಾಟಿಕ್ ವಿಷಯದಲ್ಲಿ ಒಂದು ಎಚ್ಚರ. ಹಳೇ ಫೋಕ್ಸ್‌ವ್ಯಾಗನ್ ಬಳಗದ 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಕೆಟ್ಟರೆ ರಿಪೇರಿ ಲಕ್ಷದ ಮಾತು. ಚೆನ್ನಾಗಿರುವಾಗ ಸ್ವರ್ಗ. ಟೆಸ್ಟ್ ಡ್ರೈವ್‌ನಲ್ಲಿ ಕಾಲು ನಡಿಗೆಯ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗಿದರೆ ಕೈ ಮುಗಿದು ಬನ್ನಿ.

ನೋಡಲು ಹೋದಾಗ ಬಣ್ಣ ಮತ್ತು ಸೀಟ್ ಕವರ್ ನೋಡಿ ಮರುಳಾಗಬೇಡಿ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು ಆ ಗುಂಡಿಯೊಳಗೆ ಕೈ ಆಡಿಸಿ. ಅಲ್ಲಿ ತೇವ, ತುಕ್ಕು, ಹೊಸದಾಗಿ ಬಳಿದ ಕಪ್ಪು ಬಣ್ಣ, ಕಾರ್ಖಾನೆಯ ಅಂಟಿಗಿಂತ ಬೇರೆ ಥರದ ದಪ್ಪ ಅಂಟು ಕಂಡರೆ ಹಿಂದಿನಿಂದ ಯಾರೋ ಗುದ್ದಿರಬಹುದು ಅಂತ ಅನುಮಾನಿಸಿ. ಆಮೇಲೆ ನಾಲ್ಕೂ ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ. ನೀರಿನಲ್ಲಿ ಮುಳುಗಿದ ಕಾರಿನ ಒಳಭಾಗವನ್ನೆಲ್ಲ ತೊಳೆದಿರುತ್ತಾರೆ, ಬೆಲ್ಟಿನ ಆ ಕೊನೆಯ ಅಡಿ ತೊಳೆಯುವುದು ಮರೆತಿರುತ್ತಾರೆ. ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಎಷ್ಟು ಕಾರು ನೀರಲ್ಲಿ ನಿಂತಿದ್ದವು ಅಂತ ನೋಡಿದವರಿಗೆ ಈ ಎಚ್ಚರ ಜಾಸ್ತಿ ಅನ್ನಿಸುವುದಿಲ್ಲ.

ದೆಹಲಿ ಕಡೆಯ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಓಡುವವರಿಗೊಂದು ಮಾತು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಇಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಜೀವಿತಾವಧಿ ತೆರಿಗೆ ಕಟ್ಟಬೇಕು. ಇದೆಲ್ಲ ಕೂಡಿಸಿದ ಮೇಲೆ ಅಗ್ಗ ಉಳಿಯುತ್ತದಾ ಅಂತ ಕಾಗದದ ಮೇಲೆ ಬರೆದು ನೋಡಿ.

ಹಳೇ ಕನಸಿನ ಕಾರು

ಈಗ ಆಸೆಯ ವಿಷಯಕ್ಕೆ ಬರೋಣ. ಹಳೇ ಸೆಡಾನ್ ಹುಚ್ಚು ಬರೀ ನೆನಪಿನ ಮೋಹ ಅಂತ ತಳ್ಳಿಹಾಕುವವರು ಅವನ್ನು ಓಡಿಸಿರುವುದಿಲ್ಲ. ಉದಾಹರಣೆಗೆ ಮಾರುತಿ ಎಸ್ಟೀಮ್. 900 ಕೆಜಿ ಆಸುಪಾಸಿನ ತೂಕ, ಎಂಪಿಎಫ್‌ಐ (ಎಂಜಿನ್ನಿಗೆ ಇಂಧನ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲೆ 85 ಅಶ್ವಶಕ್ತಿ. ಈಗಿನ ಮಧ್ಯಮ ಸೆಡಾನ್‌ಗಳು ಅದಕ್ಕಿಂತ ಇನ್ನೂರರಿಂದ ಮುನ್ನೂರು ಕೆಜಿಯಷ್ಟು ಭಾರ. ಮೊದಲ ತಲೆಮಾರಿನ ಸಿಟಿಯ 1.5 ವಿಟೆಕ್ ಎಂಜಿನ್ನಿನ ಮೇಲಿನ ಆರ್‌ಪಿಎಂ ಸದ್ದಿಗೆ ಇವತ್ತಿಗೂ ಭಕ್ತರಿದ್ದಾರೆ. 1999ರ ಫೋರ್ಡ್ ಐಕಾನ್ ಮತ್ತು ಆಮೇಲಿನ ಫಿಯೆಸ್ಟಾ 1.6 ಎಸ್‌ಗಳ ಹೈಡ್ರಾಲಿಕ್ ಸ್ಟೀರಿಂಗ್‌ನಲ್ಲಿ ಕೆಳಗಿನ ರಸ್ತೆ ಡಾಂಬರೋ ಜಲ್ಲಿಯೋ ಅನ್ನುವುದು ಅಂಗೈಗೆ ಗೊತ್ತಾಗುತ್ತಿತ್ತು. ಈಗಿನ ಎಲೆಕ್ಟ್ರಿಕ್ ಸ್ಟೀರಿಂಗ್ ಹಗುರ, ಆದರೆ ಮೂಕ. ಇನ್ನು ಎಂಟನೇ ತಲೆಮಾರಿನ ಸಿವಿಕ್, 2006ರಲ್ಲಿ ಇಲ್ಲಿಗೆ ಬಂದದ್ದು. ವೇಗದ ಅಂಕಿ ಮೇಲಿನ ಸಾಲಿನಲ್ಲಿ ಗಾಜಿನ ಹತ್ತಿರ, ಆರ್‌ಪಿಎಂ ಮುಳ್ಳು ಕೆಳಗೆ ಸ್ಟೀರಿಂಗ್ ಹಿಂದೆ. ಆ ಡ್ಯಾಶ್‌ಬೋರ್ಡ್ ಈಗಲೂ ನಾಳೆ ಬಂದ ಕಾರಿನದ್ದರ ಹಾಗೆ ಕಾಣುತ್ತದೆ. ಕಿಟಕಿಗಳು ದೊಡ್ಡವು, ಸೀಟು ನೆಲಕ್ಕೆ ಹತ್ತಿರ, ಪರದೆ ಒಂದೂ ಇಲ್ಲ. ಇಂಥ ಕಾರು ಇನ್ನು ಯಾರೂ ಮಾಡುವುದಿಲ್ಲ, ಆ ಹಂಬಲ ನ್ಯಾಯವಾದದ್ದೇ.

ಆದರೆ ಹಂಬಲಕ್ಕೂ ಒಂದು ಲೆಕ್ಕ ಬೇಕು. ಮೊದಲ ಪ್ರಶ್ನೆ ಬಿಡಿಭಾಗ. ಇಲ್ಲಿ ಕಂಪನಿ ಇದೆಯಾ ಹೋಯಿತಾ ಅನ್ನುವುದಕ್ಕಿಂತ ಆ ಎಂಜಿನ್ ಬೇರೆ ಯಾವ ಕಾರಿನಲ್ಲಿತ್ತು ಅನ್ನುವುದನ್ನು ಕೇಳಿ. ಎಸ್ಟೀಮ್‌ನ 1.3 ಎಂಜಿನ್ ಬಳಗ ಜಿಪ್ಸಿಯಲ್ಲೂ ಇತ್ತು, ಹಾಗಾಗಿ ಸಾಮಾನು ಸಿಗುತ್ತದೆ. ಫಿಯಟ್ ಹೋದರೂ ಲಿನಿಯಾ ಡೀಸೆಲ್‌ನ 1.3 ಮಲ್ಟಿಜೆಟ್ ಎಂಜಿನ್ ಸ್ವಿಫ್ಟ್, ಡಿಸೈರ್, ಸಿಯಾಜ್‌ಗಳಲ್ಲಿ ಲಕ್ಷಗಟ್ಟಲೆ ಓಡಿದೆ, ಊರಿನ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಅದೇ ಲಿನಿಯಾದ ಟಿ-ಜೆಟ್ ಪೆಟ್ರೋಲ್ ಓಡಿಸಲು ಸೊಗಸು, ಸಾಮಾನು ಹುಡುಕಲು ಪಾಡು. ಮಿತ್ಸುಬಿಷಿಯ ಲ್ಯಾನ್ಸರ್, ಸೀಡಿಯಾ ಅಂದರೆ ನಿಮಗೆ ಕಾರಿನಷ್ಟೇ ಹುಡುಕಾಟದ ಮೇಲೂ ಪ್ರೀತಿ ಇರಬೇಕು. ಎಂಜಿನ್ ಸಾಮಾನಾದರೂ ಹೇಗೋ ಸಿಗುತ್ತದೆ. ಹೆಡ್‌ಲೈಟ್, ಬಂಪರ್, ಬಾಗಿಲಿನ ರಬ್ಬರ್ ಬೀಡಿಂಗ್ ಸಿಗದೆ ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆ.

ಎರಡನೆಯದು ಟೈಮಿಂಗ್ ಬೆಲ್ಟ್, ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ರಬ್ಬರ್ ಪಟ್ಟಿ. ಅದು ಓಡುವಾಗ ತುಂಡಾದರೆ ಕಾರು ಅಲ್ಲೇ ನಿಲ್ಲುತ್ತದೆ. ಎಸ್ಟೀಮ್, ಮೊದಲ ಸಿಟಿ, ಹಳೇ ಆಕ್ಟೇವಿಯಾ ಡೀಸೆಲ್ ಇವೆಲ್ಲ ಬೆಲ್ಟಿನ ಕಾರುಗಳು. ಬದಲಾಯಿಸಿದ್ದಕ್ಕೆ ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ತಿಳಿದು ಮೊದಲ ವಾರವೇ ಮಾಡಿಸಿ. ಸಿವಿಕ್ 1.8 ಮತ್ತು 2008ರ ಐ-ವಿಟೆಕ್ ಸಿಟಿಗೆ ಚೈನ್ ಇದೆ, ಆ ಚಿಂತೆ ಇಲ್ಲ.

ಮೂರನೆಯದು ಪೆಟ್ರೋಲ್. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್ ನಂತರದ ಕಾರುಗಳ ಪೈಪು, ಸೀಲುಗಳು ಅದಕ್ಕೆ ತಕ್ಕಂತೆ ತಯಾರಾದವು. ಇಪ್ಪತ್ತು ವರ್ಷದ ಕಾರಿನ ರಬ್ಬರ್ ಪೈಪುಗಳು ಹಾಗಲ್ಲ. ಬೇಗ ಗಟ್ಟಿಯಾಗಿ ಬಿರುಕು ಬಿಡಬಹುದು, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಕಾರು ತಂದ ಕೂಡಲೇ ಇಂಧನದ ಪೈಪುಗಳನ್ನು ಹೊಸದು ಹಾಕಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಕಾಗದಪತ್ರ ನಾಲ್ಕನೆಯದು, ಆದರೆ ಎಡವುವುದು ಇಲ್ಲೇ. ಖಾಸಗಿ ಕಾರಿನ ಆರ್‌ಸಿ 15 ವರ್ಷ. ಆಮೇಲೆ ಎಫ್‌ಸಿ (ಕಾರು ಓಡಲು ಯೋಗ್ಯ ಅನ್ನುವ ಪರೀಕ್ಷೆ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದ ಕಾರಿಗೆ 2025ರಿಂದ 10,000. ಹಸಿರು ತೆರಿಗೆ ಬೇರೆ. "ಆರ್‌ಸಿ ಮುಗಿದಿದೆ, ನೀವೇ ಮಾಡಿಸಿಕೊಳ್ಳಿ, ಅದಕ್ಕೇ ಇಷ್ಟು ಕಡಿಮೆ" ಅನ್ನುವ ಮಾತು ಬಂದರೆ ಮಾರುವವರೇ ಮಾಡಿಸಿಕೊಡಲಿ, ಆ ದುಡ್ಡು ಬೇಕಾದರೆ ಕೊಡಿ. ಹಳೇ ಕಾರಿಗೆ ಬ್ಯಾಂಕ್ ಸಾಲವೂ ಹುಟ್ಟುವುದಿಲ್ಲ, ಕೈಯಲ್ಲಿರುವ ದುಡ್ಡಿನಲ್ಲೇ ಮುಗಿಯಬೇಕು.

ಸುರಕ್ಷತೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಎಸ್ಟೀಮ್‌ನಲ್ಲಿ ಏರ್‌ಬ್ಯಾಗ್ ಇಲ್ಲ. ಆ ಕಾಲದ ಹಲವು ಸೆಡಾನ್‌ಗಳ ಕೆಳಗಿನ ಮಾದರಿಗಳಲ್ಲಿ ಎಬಿಎಸ್ ಕೂಡ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇಗೆ ಇಳಿಯುವ ಕಾರು ಅದಲ್ಲ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನೀವೊಬ್ಬರೇ ಓಡಿಸುವ ಕಾರು.

ಹಾಗಾಗಿ ನನ್ನ ಮಾತು ಇಷ್ಟೇ: ಹದಿನೈದು ದಾಟಿದ ಸೆಡಾನ್ ಮನೆಯ ಎರಡನೇ ಕಾರಾಗಿ ಬರಲಿ, ಒಂದನೆಯದಾಗಿ ಬೇಡ. ಕೊಂಡ ಬೆಲೆಯ ಅರ್ಧದಷ್ಟನ್ನಾದರೂ ಮೊದಲ ವರ್ಷದ ರಿಪೇರಿಗೆ ಅಂತ ಪಕ್ಕಕ್ಕಿಡಿ. ಸಸ್ಪೆನ್ಷನ್ ಬುಷ್, ಎಸಿ, ರೇಡಿಯೇಟರ್, ಟೈರು, ಬ್ಯಾಟರಿ ಎಲ್ಲ ಒಂದರ ಹಿಂದೊಂದು ಕೇಳುತ್ತವೆ. ಆಸೆಯೂ ತೀರಬೇಕು, ತಲೆನೋವೂ ಬೇಡ ಅನ್ನುವವರು 2008ರಿಂದ 2013ರ ಐ-ವಿಟೆಕ್ ಸಿಟಿ ನೋಡಿ. 118 ಪಿಎಸ್, ಚೈನ್ ಎಂಜಿನ್, ಸಾಮಾನು ಸಲೀಸು. ಸಿವಿಕ್ ಎಷ್ಟೇ ಚೆಂದ ಇದ್ದರೂ ಹಂಪು ಜಾಸ್ತಿ ಇರುವ ಬಡಾವಣೆಯವರಿಗೆ ಬೇಡ. ಉದ್ದ ವೀಲ್‌ಬೇಸ್, ತಗ್ಗು ಹೊಟ್ಟೆ. ಹಂಪು ಬಂದಾಗಲೆಲ್ಲ ಓರೆಯಾಗಿ, ಒಂದೊಂದೇ ಚಕ್ರ ದಾಟಿಸುವ ಅಭ್ಯಾಸ ಆಗಬೇಕು.

ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾ ಕೇಳುವವರೂ ಇದ್ದಾರೆ. ಅದು ಹೋಲಿಕೆಗೆ ಸಿಗುವ ವಿಷಯವಲ್ಲ. ಬೇಕು ಅಂದವರಿಗೆ ಬೇಕೇ ಬೇಕು. ತುಕ್ಕು ಒಂದನ್ನು ನೋಡಿಕೊಳ್ಳಿ. ಎಂಜಿನ್ ಹೇಗಾದರೂ ಸರಿಹೋಗುತ್ತದೆ, ತಿಂದುಹೋದ ತಗಡು ಸರಿಹೋಗುವುದಿಲ್ಲ. ಕರಾವಳಿಯಲ್ಲಿ ಓಡಿದ ಕಾರಾದರೆ ಬಾಗಿಲಿನ ಕೆಳಗಿನ ಪಟ್ಟಿಗೆ ಬೆರಳಿನಿಂದ ಒತ್ತಿ ನೋಡಿ.

ಹಾಗಾದರೆ ಎಸ್‌ಯುವಿ?

ಕೆಟ್ಟ ಆಯ್ಕೆ ಅಲ್ಲ. ಮನೆಯಲ್ಲಿ ಹಿರಿಯರು, ಊರಿನ ತೋಟದ ದಾರಿ, ಮಳೆಗಾಲದಲ್ಲಿ ನೀರು ನಿಲ್ಲುವ ಬೀದಿ, ಈ ಮೂರರಲ್ಲಿ ಎರಡು ನಿಮ್ಮದಾದರೆ ವಾದ ಬೇಡ, ಮನೆಯವರ ಮಾತು ಕೇಳಿ. ಆದರೆ ಎತ್ತರದ ಸೀಟೊಂದೇ ಕಾರಣವಾದರೆ ತುಸು ಯೋಚಿಸಿ. ಅದೇ ದುಡ್ಡಿನ ಸಣ್ಣ ಎಸ್‌ಯುವಿ ಅಂದರೆ ಬಹುತೇಕ ಎತ್ತರಿಸಿದ ಹ್ಯಾಚ್‌ಬ್ಯಾಕ್. ಹಿಂದಿನ ಸೀಟು ನೆಟ್ಟಗೆ, ಡಿಕ್ಕಿ ಚಿಕ್ಕದು, ವೇಗ ಏರಿದಂತೆ ಗಾಳಿಯ ಸದ್ದು ಮತ್ತು ಪೆಟ್ರೋಲ್ ಖರ್ಚು ಎರಡೂ ಏರುತ್ತವೆ.

ಜಗಳ ಬಗೆಹರಿಯದಿದ್ದರೆ ಶೋರೂಮಿನಿಂದ ಟೆಸ್ಟ್ ಡ್ರೈವ್ ಕಾರನ್ನು ಮನೆಗೇ ತರಿಸಿ. ಒಬ್ಬರೇ ಹೋಗಿ ಮುಖ್ಯರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿ ಬಂದರೆ ಏನೂ ಗೊತ್ತಾಗುವುದಿಲ್ಲ. ಐದೂ ಜನ ಕೂತು, ನಿಮ್ಮದೇ ಬೀದಿಯ ಅತಿ ಕೆಟ್ಟ ಹಂಪಿನ ಮೇಲೆ ದಾಟಿಸಿ. ಹೊಟ್ಟೆ ತಾಗಿದರೆ ಸಿಟಿ ಬಿಟ್ಟು ಸ್ಲಾವಿಯಾ, ವರ್ಟಸ್ ತರಿಸಿ, ಅವೂ ತಾಗಿದರೆ ಆ ಬೀದಿಗೆ ಸೆಡಾನ್ ಆಗುವುದಿಲ್ಲ. ಆಮೇಲೆ ಮನೆಯ ಹಿರಿಯರನ್ನು ಹಿಂದಿನ ಸೀಟಿನಿಂದ ಇಳಿಯಲು ಹೇಳಿ, ಸಹಾಯಕ್ಕೆ ಹೋಗಬೇಡಿ. ಒಂದು ಕೈ ಬಾಗಿಲಿಗೆ ಹಿಡಿದು ತಾವೇ ಎದ್ದರೆ ಸೆಡಾನ್ ಬುಕ್ ಮಾಡಿ. ಎರಡು ಸಲ ಯತ್ನಿಸಿ ಯಾರನ್ನಾದರೂ ಕರೆದರೆ ಎಸ್‌ಯುವಿ ತಗೊಳ್ಳಿ, ಉಳಿದ ದುಡ್ಡಿಗೆ ಎರಡು ವರ್ಷ ಬಿಟ್ಟು ಹಳೇ ಸಿಟಿ ಒಂದನ್ನು ಹುಡುಕಿ.